ಪೊದೆಗೆ ಮೇಕೆ ಬಿಡುವ ಮುನ್ನ

ಮಳೆಗಾಲದ ಒಂದು ಸಂಜೆ ಹಿರಿಯೂರು ಕಡೆಯ ರೈತರೊಬ್ಬರು ಫೋನ್ ಮಾಡಿದರು. ಪಾಳು ಬಿದ್ದ ಮೂರು ಎಕರೆಯ ಪೊದೆ ತೆಗೆಸೋಕೆ ಜೆಸಿಬಿ ಬಾಡಿಗೆ ಯಾಕೆ ಅಂತ ಸಂತೆಯಿಂದ ಇಪ್ಪತ್ತು ಮೇಕೆ ತಂದು, ಹಸಿದ ಹೊಟ್ಟೆಯಲ್ಲೇ ಒಳಗೆ ಬಿಟ್ಟಿದ್ದರು. ನಾನು ಹೋಗುವಷ್ಟರಲ್ಲಿ ಎರಡು ಮೇಕೆ ಮಲಗಿದ್ದವು. ರೆಪ್ಪೆ ಬಿಡಿಸಿ ನೋಡಿದೆ, ಒಳಗೆ ಅರಿಶಿನ ಬಳಿದ ಹಾಗಿತ್ತು. ಮೂತಿ, ಕಿವಿ ಬಿಸಿಲಿಗೆ ಊದಿ ಬಿರಿದಿದ್ದವು. ಲಂಟಾನ ಗಿಡದ ಸೊಪ್ಪು ತಿಂದಿದ್ದವು.

"ಆಡು ಮುಟ್ಟದ ಸೊಪ್ಪಿಲ್ಲ ಅಂತಾರಲ್ಲ ಡಾಕ್ಟ್ರೇ?"

ಮುಟ್ಟುತ್ತದೆ ನಿಜ, ಆದರೆ ಎಲ್ಲವೂ ಅದರ ಮೇವಲ್ಲ. ಲಂಟಾನದ ನಡುವೆಯೇ ಬೆಳೆದ ಮೇಕೆ ಅದನ್ನು ಮೂಸಿ ಮುಂದೆ ಹೋಗುತ್ತದೆ. ಗಿಡದ ಪರಿಚಯವಿಲ್ಲದ, ಹಸಿದ ಮೇಕೆಯೇ ಹೆಚ್ಚಾಗಿ ಸಿಕ್ಕಿಬೀಳುವುದು. ಎಲೆಯಲ್ಲಿರುವ ಲಂಟಾಡಿನ್ ಎಂಬ ವಿಷ ಯಕೃತ್ತನ್ನು ಕೆಡಿಸಿ ಮೆಲುಕು ನಿಲ್ಲಿಸುತ್ತದೆ. ಹೊಟ್ಟೆ ಆಡದೆ ನಿಂತಾಗ ತಿಂದ ಸೊಪ್ಪು ಅಲ್ಲೇ ಕೂತು ದಿನಗಟ್ಟಲೆ ವಿಷ ಬಿಡುತ್ತಲೇ ಇರುತ್ತದೆ. ಅದಕ್ಕೇ ಮೊದಲು ನೆರಳಿಗೆ ಕಟ್ಟಿಸಿ, ಔಷಧಿಯ ಇದ್ದಿಲು ಕುಡಿಸಿದೆ. ಒಂದು ಉಳಿಯಿತು, ಇನ್ನೊಂದು ಹೋಯಿತು.

ಹಾಗಂತ ಮೇಕೆ ಬೇಡ ಎನ್ನಲಾರೆ. ಹಿಂಗಾಲ ಮೇಲೆ ನಿಂತು, ಮುಳ್ಳಿನ ಸಂದಿಯಿಂದ ತುಟಿಯಲ್ಲೇ ಎಲೆ ಆರಿಸಿ ಕೀಳುವ ಕೆಲಸ ದನಕ್ಕೆ ಬಾರದು. ಬಾರೆ, ಕಾರೆ, ಕರಿಜಾಲಿಯ ಸಸಿ, ಹಬ್ಬಿದ ಬಳ್ಳಿ ಇವೆಲ್ಲ ಮೇಕೆಗೆ ಇಷ್ಟ. ಎಲೆ ಹೋದ ಗಿಡ ಬೇರಿನಲ್ಲಿ ಕೂಡಿಟ್ಟ ಆಹಾರ ಕರಗಿಸಿ ಚಿಗುರುತ್ತದೆ. ಆರೇಳು ವಾರಕ್ಕೆ, ಆ ಚಿಗುರು ಬಲಿಯುವ ಮೊದಲು ಮತ್ತೆ ಮೇಯಿಸಬೇಕು, ಆಮೇಲೆ ಇನ್ನೊಮ್ಮೆ. ಒಂದೇ ಸಲಕ್ಕೆ ಬಿಟ್ಟರೆ ಕೊಂಬೆ ಸವರಿದ ಹಾಗೆ, ಪೊದೆ ಇನ್ನೂ ದಟ್ಟವಾಗುತ್ತದೆ.

ಇಡೀ ಹೊಲಕ್ಕೆ ಹಿಂಡು ಬಿಡುವುದು ಇನ್ನೊಂದು ತಪ್ಪು. ಮೇಕೆ ರುಚಿಯದ್ದನ್ನು ಆರಿಸಿ ಮುಗಿಸುತ್ತದೆ, ಬೇಡದ್ದನ್ನು ಉಳಿಸುತ್ತದೆ. ಬಿಸಿಲು, ಜಾಗ ಎಲ್ಲ ಲಂಟಾನಕ್ಕೂ ಕಾಂಗ್ರೆಸ್ ಗಿಡಕ್ಕೂ ಸಿಗುತ್ತದೆ. ಬಲೆ ಬೇಲಿ ಕಟ್ಟಿ ತುಂಡು ತುಂಡಾಗಿ ಮೇಯಿಸಿ. 25 ಕೆಜಿಯ ಮೇಕೆ ದಿನಕ್ಕೆ ಮೂರ್ನಾಲ್ಕು ಕೆಜಿ ಹಸಿ ಸೊಪ್ಪು ತಿನ್ನುತ್ತದೆ, ಆ ಲೆಕ್ಕದಲ್ಲಿ ತುಂಡಿನ ಅಳತೆ ಗೊತ್ತು ಮಾಡಿ. ಲಂಟಾನ ಹೆಚ್ಚಿರುವ ತುಂಡಾದರೆ ಮೊದಲು ಬೇರೆ ಮೇವು ಹಾಕಿ ಹೊಟ್ಟೆ ತುಂಬಿಸಿ, ಬೇರೆ ಸೊಪ್ಪು ಮುಗಿಯುವ ಮೊದಲೇ ಹೊರಗೆ ಹೊಡೆಯಿರಿ. ಪಕ್ಕದಲ್ಲಿ ಎಳೆ ಮಾವಿನ ತೋಟ ಇದ್ದರೆ ಬೇಲಿ ಗಟ್ಟಿಯಿರಲಿ, ತೊಗಟೆ ಸುಲಿದುಬಿಡುತ್ತವೆ.

ಬಳ್ಳಾರಿ ಜಾಲಿಗೆ ಮಾತ್ರ ಮೇಕೆಯನ್ನು ನಂಬಬೇಡಿ. ಅದರ ಹಸಿ ಎಲೆ ಮೇಕೆಗೆ ಸೇರದು, ಆದರೆ ಸಿಹಿಯಾದ ಕಾಯಿ ಅಂದರೆ ಪ್ರಾಣ. ಗಟ್ಟಿ ಸಿಪ್ಪೆಯ ಬೀಜದಲ್ಲಿ ಒಂದಷ್ಟು ಹಿಕ್ಕೆಯಲ್ಲಿ ಹಾಗೇ ಬಿದ್ದು ಮಳೆಗೆ ಮೊಳೆಯುತ್ತದೆ. ಕಾಯಿ ತಿಂದ ಹಿಂಡನ್ನು ಒಂದು ವಾರ ಕೊಟ್ಟಿಗೆಯಲ್ಲೇ ಮೇಯಿಸಿ, ಆಮೇಲೆ ಹೊಲಕ್ಕೆ ಬಿಡಿ.

ಆ ರೈತರು ಮೇಕೆ ಮಾರಲಿಲ್ಲ. ಬಲೆ ತಂದು ತುಂಡು ಮಾಡಿ, ಎರಡು ಸುತ್ತು ಮೇಯಿಸಿದರು. ಬಳ್ಳಿ, ಬಾರೆ ಎಲ್ಲ ಬರಿದಾಗಿ ಕಾಲಿಡಲು ಜಾಗವಾದ ಮೇಲೆ ಲಂಟಾನದ ಬುಡ ಕಣ್ಣಿಗೆ ಬಿತ್ತು. ನೆಲದಿಂದ ಎರಡು ಬೆರಳು ಕೆಳಗೆ ತಾಯಿಬೇರು ಕಡಿದು, ಗಿಡವನ್ನು ತಲೆಕೆಳಗು ಮಾಡಿ ಒಣಗಿಸಲು ಹೇಳಿದ್ದೆ. ನೆಲ ಮೆತ್ತಗಿದ್ದಾಗಲೇ ಗಂಡ ಹೆಂಡತಿ ಗುದ್ದಲಿ ಹಿಡಿದು ಶುರು ಮಾಡಿದ್ದಾರೆ.