ರಾಜಕಾಲುವೆ ಎಂದರೇನು?

ಬೆಂಗಳೂರಿನಲ್ಲಿ ಜೋರು ಮಳೆಯಾದ ಮರುದಿನ ‘ರಾಜಕಾಲುವೆಯ ಕೊಳಚೆ ಮನೆಗಳಿಗೆ ನುಗ್ಗಿತು’ ಎಂಬಂಥ ಸಾಲು ಎಲ್ಲಾದರೊಂದು ಕಡೆ ಕಣ್ಣಿಗೆ ಬಿದ್ದೇ ಬೀಳುತ್ತದೆ. ರಾಜಕಾಲುವೆಯನ್ನು ಮೋರಿ, ಚರಂಡಿಗಳ ಸಾಲಿಗೆ ಸೇರಿಸುವ ಈ ರೂಢಿಯನ್ನು ಇನ್ನಾದರೂ ಬಿಡಬೇಕು. ಕೊಳಚೆ ಹರಿಯಬೇಕಾದದ್ದು ಜಲಮಂಡಳಿಯ ಒಳಚರಂಡಿ ಕೊಳವೆಯಲ್ಲಿ. ರಾಜಕಾಲುವೆ ಇರುವುದು ಮಳೆನೀರಿಗೆ.

ಹೆಸರಿನಲ್ಲಿ ‘ರಾಜ’ ಇರುವುದರಿಂದ ಇದು ಅರಸರು ತೋಡಿಸಿದ ಕಾಲುವೆ ಎಂದು ವಿವರಿಸುವವರೂ ಇದ್ದಾರೆ. ಹಿರಿಯ ದಾರಿಯನ್ನು ರಾಜಮಾರ್ಗ ಎನ್ನುವಂತೆ ಇಲ್ಲಿಯೂ ಆ ಪದಕ್ಕೆ ಮುಖ್ಯವಾದದ್ದು ಎಂದಷ್ಟೇ ಅರ್ಥ. ‘ಕಾಲುವೆ’ಯ ಮೂಲದಲ್ಲಿರುವುದು ನೀರಿನ ಹರಿವನ್ನು ಸೂಚಿಸುವ ‘ಕಾಲ್’ ಎಂಬ ದ್ರಾವಿಡ ಪದ. ತಮಿಳಿನ ಕಾಲ್ವಾಯ್, ತೆಲುಗಿನ ಕಾಲುವ ಇದರ ಒಡಹುಟ್ಟುಗಳು. ಸುತ್ತಲಿನ ಹಳ್ಳ, ಕಿರುಗಾಲುವೆಗಳ ನೀರನ್ನು ಕೂಡಿಸಿಕೊಂಡು ಕೆರೆಗೆ ಒಯ್ಯುವ, ಆ ಕೆರೆ ಕೋಡಿ ಬಿದ್ದಾಗ ಹೆಚ್ಚಾದ ನೀರನ್ನು ಕೆಳಗಿನ ಕೆರೆಗೆ ದಾಟಿಸುವ ಹಿರಿಯ ಹರಿವೇ ರಾಜಕಾಲುವೆ. ಮೆಜೆಸ್ಟಿಕ್ ಸುತ್ತಿನ ಮಳೆನೀರು ಶಾಂತಿನಗರ, ಕೋರಮಂಗಲಗಳನ್ನು ಹಾದು ಬೆಳ್ಳಂದೂರು ಕೆರೆ ಸೇರಿ, ಅಲ್ಲಿಂದ ವರ್ತೂರು ಕೆರೆಗೆ ಇಳಿದು, ಕೊನೆಗೆ ದಕ್ಷಿಣ ಪಿನಾಕಿನಿ ನದಿಯನ್ನು ಮುಟ್ಟುವುದು ಹೀಗೆಯೇ. ಕೆರೆಗಳಿಂದ ಬಿಡಿಸಿ ನೋಡಿದರೆ ಈ ಪದಕ್ಕೆ ಅರ್ಥವೇ ಉಳಿಯುವುದಿಲ್ಲ.

ತಪ್ಪು ಬಳಕೆಯ ಪರಿಣಾಮ ಮಾತಿಗಷ್ಟೇ ಸೀಮಿತವಲ್ಲ. ಚರಂಡಿ ಎಂದುಕೊಂಡವರಿಗೆ ತೋಚುವ ಪರಿಹಾರ ಎರಡೂ ಬದಿಗೆ ಗೋಡೆ, ತಳಕ್ಕೆ ಕಾಂಕ್ರೀಟು. ಆಗ ನೀರು ನೆಲಕ್ಕೆ ಇಂಗದೆ, ಬರುವ ವೇಗವನ್ನು ಹೆಚ್ಚಿಸಿಕೊಂಡು, ಕೆಳಗಿನ ಬಡಾವಣೆಯವರ ಪಾಲಿಗೆ ನೆರೆಯಾಗುತ್ತದೆ. ಹರಿವಿನ ದಾರಿಯಲ್ಲೇ ಕಟ್ಟಡ ಎದ್ದರೆ ಏನಾಗುತ್ತದೆಂಬುದನ್ನು 2022ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆಯ ಆಸುಪಾಸಿನವರು ಕಂಡರು; ಮನೆಗಳಿಂದ ಜನರನ್ನು ಟ್ರ್ಯಾಕ್ಟರುಗಳಲ್ಲಿ, ದೋಣಿಗಳಲ್ಲಿ ಹೊರತರಬೇಕಾಯಿತು.

2050ರ ಹೊತ್ತಿಗೆ ನಗರದ ನಿವ್ವಳ ಇಂಗಾಲ ಹೊರಸೂಸುವಿಕೆಯನ್ನು ಸೊನ್ನೆಗೆ ಇಳಿಸುವ ಗುರಿಯುಳ್ಳ ಹವಾಮಾನ ಕ್ರಿಯಾ ಯೋಜನೆಯನ್ನು ಮಹಾನಗರ ಪಾಲಿಕೆ 2023ರ ನವೆಂಬರಿನಲ್ಲಿ ಪ್ರಕಟಿಸಿತು. ನೆರೆಯನ್ನು ಎದುರಿಸುವುದೂ ಸೇರಿರುವ ಇಂಥ ಯೋಜನೆಗಳಲ್ಲಿ ವಿದ್ಯುತ್ ಉತ್ಪಾದನೆಯಂಥ ಹಲವು ವಿಷಯಗಳು ನಗರಾಡಳಿತದ ಹಿಡಿತದಲ್ಲಿಲ್ಲ, ಆದರೆ ರಾಜಕಾಲುವೆ ನೇರವಾಗಿ ಅದರ ಕೈಯಲ್ಲೇ ಇದೆ; ಒತ್ತುವರಿ ತೆರವು, ಹೂಳೆತ್ತುವಿಕೆ, ದಡದ ಮೀಸಲು ಜಾಗದ ರಕ್ಷಣೆ ಇವೆಲ್ಲಕ್ಕೂ ನಗರವೇ ಮೊದಲ ಹೆಜ್ಜೆ ಇಡಬಹುದು, ಇಡಬೇಕು. 2025ರಲ್ಲಿ ಪಾಲಿಕೆ ಐದಾಗಿ ಒಡೆದಿರುವುದರಿಂದ ಒಂದೇ ಕಣಿವೆಯ, ಅಂದರೆ ಒಂದೇ ಹರಿವಿಗೆ ನೀರು ಕೂಡುವ ಪ್ರದೇಶದ, ನೀರು ಈಗ ಒಂದಕ್ಕಿಂತ ಹೆಚ್ಚು ಪಾಲಿಕೆಗಳ ಗಡಿ ದಾಟಬೇಕಾಗಬಹುದು. ಆದ್ದರಿಂದ ರಾಜಕಾಲುವೆಗಳ ನಕ್ಷೆ, ಅನುದಾನ, ಹೊಣೆ ಮೂರನ್ನೂ ಕಣಿವೆವಾರು ನಿಗದಿಪಡಿಸುವ ಕೆಲಸ ಐದೂ ಪಾಲಿಕೆಗಳ ಮೇಲಿರುವ ಗ್ರೇಟರ್ ಬೆಂಗಳೂರು ಪ್ರಾಧಿಕಾರದ್ದಾಗಬೇಕು.