ರೋಯಿಂಗ್ ಮಷೀನ್ ಮಾನಿಟರ್: ಓದೋದು, ನೋಡ್ಕೊಳ್ಳೋದು (ನನ್ನ ನೋಟ್ಸ್)

ಟ್ರೈನರ್ ಕೋರ್ಸ್ ಮಾಡ್ತಿರೋ ನಮ್ಮ ಬ್ಯಾಚ್‌ನವರಿಗೆ ಅಂತ ಬರ್ಕೊಂಡಿದ್ದು. ಯಲಹಂಕ ಕಡೆ ನಮ್ಮ ಅಪಾರ್ಟ್‌ಮೆಂಟ್ ಜಿಮ್‌ನಲ್ಲಿರೋದು ಕಾನ್ಸೆಪ್ಟ್ 2 ಕಂಪನಿಯ ರೋಯಿಂಗ್ ಮಷೀನು (ಕೂತು ದೋಣಿ ಹುಟ್ಟು ಹಾಕೋ ಥರ ಹ್ಯಾಂಡಲ್ ಎಳೆಯೋದು), ಅದರ ಮೇಲಿರೋದು ಪಿಎಂ5 ಅನ್ನೋ ಮಾನಿಟರ್, ಅಂದ್ರೆ ನಂಬರ್ ತೋರ್ಸೋ ಸ್ಕ್ರೀನು, ಹಾಗಾಗಿ ಕೆಳಗೆ ಹೇಳಿರೋ ಬಟನ್ನು ಮೆನು ಎಲ್ಲ ಅದರದ್ದೇ.

ಮೊದಲು ಒಂದು ವಿಷಯ ತಲೇಲಿ ಕೂರ್ಬೇಕು. ನೀವು ಯಾರು, ಎಷ್ಟು ತೂಕ, ಎಷ್ಟು ಬೆವರು ಸುರಿಸಿದ್ರಿ, ಇದ್ಯಾವುದೂ ಈ ಮಾನಿಟರ್‌ಗೆ ಗೊತ್ತಿಲ್ಲ. ಅದು ನೋಡೋದು ಮುಂದೆ ಜಾಲರಿ ಒಳಗೆ ತಿರುಗೋ ಚಕ್ರನ ಮಾತ್ರ. ಹ್ಯಾಂಡಲ್ ಎಳೆದಾಗ ಚಕ್ರ ಎಷ್ಟು ವೇಗ ತಗೊಳ್ತು, ನೀವು ವಾಪಸ್ ಮುಂದಕ್ಕೆ ಬರೋವಾಗ ಎಷ್ಟು ಬೇಗ ನಿಧಾನ ಆಯ್ತು, ಇಷ್ಟನ್ನ ಅಳೆದು ಮಿಕ್ಕಿದ್ದೆಲ್ಲ ಲೆಕ್ಕ ಹಾಕತ್ತೆ.

ಈ ನಿಧಾನ ಆಗೋ ಲೆಕ್ಕಕ್ಕೇ ಡ್ರ್ಯಾಗ್ ಫ್ಯಾಕ್ಟರ್ ಅಂತಾರೆ. ಚಕ್ರದ ಪಕ್ಕ 1ರಿಂದ 10ರವರೆಗೆ ನಂಬರ್ ಇರೋ ಒಂದು ಸಣ್ಣ ಹಿಡಿ ಇರತ್ತಲ್ಲ, ಡ್ಯಾಂಪರ್, ಅದು ಒಳಗೆ ಎಷ್ಟು ಗಾಳಿ ಹೋಗ್ಬೇಕು ಅಂತ ಮಾತ್ರ ತೀರ್ಮಾನ ಮಾಡತ್ತೆ, ಅದೇನು ಡಂಬಲ್ ತೂಕ ಅಲ್ಲ, ಸೈಕಲ್ ಗೇರ್ ಇದ್ದಂಗೆ. ನಮ್ಮ ಬ್ಲಾಕ್‌ನ ಒಬ್ರು ಅಂಕಲ್ ದಿನಾ 10ಕ್ಕೆ ಇಟ್ಟು ಎಳೀತಿದ್ರು. 'ಏನಪ್ಪಾ, ಫುಲ್ ಹತ್ತರಲ್ಲಿ ಎಳೀತಿದೀನಿ, ಈ ಡಬ್ಬ ಮಾತ್ರ 2:35 ಬಿಟ್ಟು ಅಲ್ಲಾಡಲ್ವಲ್ಲ' ಅಂದ್ರು (500 ಮೀಟರ್‌ಗೆ 2 ನಿಮಿಷ 35 ಸೆಕೆಂಡ್ ಅಂತ, ಕಮ್ಮಿ ಆದಷ್ಟೂ ವೇಗ ಜಾಸ್ತಿ). 'ಅಂಕಲ್, ಒಂದ್ಸಲ ನಾಲ್ಕಕ್ಕೆ ಇಟ್ಟು ನೋಡಿ' ಅಂದೆ. 2:24 ಬಂತು. ಚಕ್ರ ಭಾರ ಕಮ್ಮಿ ಅನ್ಸಿದ್ದಕ್ಕೆ ಕಾಲು ಬೇಗ ಒತ್ತೋಕಾಯ್ತು, ಅಷ್ಟೇ ಕಥೆ. ಆದ್ರೂ ಮಾರನೇ ದಿನ ಬಂದು ನೋಡಿದ್ರೆ ಮತ್ತೆ ಹತ್ತೇ!

ಮೆನುನಲ್ಲಿ ಮೋರ್ ಆಪ್ಷನ್ಸ್‌ಗೆ ಹೋಗಿ ಡಿಸ್‌ಪ್ಲೇ ಡ್ರ್ಯಾಗ್ ಫ್ಯಾಕ್ಟರ್ ಒತ್ತಿ, ನಾಲ್ಕೈದು ಸಲ ಎಳೆದ್ರೆ ನಂಬರ್ ಬರತ್ತೆ. ಸಾಮಾನ್ಯವಾಗಿ ಜನ 100ರಿಂದ 140ರ ಒಳಗೆ ಇಟ್ಕೊಳ್ತಾರೆ, ನಂದು 115. ಇಲ್ಲಿ ಬೆಂಗಳೂರಿನವರು ಒಂದು ಗಮನಿಸ್ಬೇಕು: ನಮ್ಮೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ಗಾಳಿ ಮಂಗಳೂರಿಗಿಂತ ನೂರಕ್ಕೆ ಎಂಟೊಂಬತ್ತರಷ್ಟು ತೆಳು, ಅಂದ್ರೆ ಅದೇ ಮಷೀನು ಅದೇ ಡ್ಯಾಂಪರ್ ನಂಬರ್ ಇಟ್ರೂ ಇಲ್ಲಿ ಡ್ರ್ಯಾಗ್ ಕಮ್ಮಿ ಬರತ್ತೆ. ಹಂಗಂತ ಸ್ಕೋರ್ ಮೋಸ ಆಗಲ್ಲ, ಮಾನಿಟರ್ ಪ್ರತಿ ಸ್ಟ್ರೋಕ್‌ಗೂ ಡ್ರ್ಯಾಗ್ ಮತ್ತೆ ಅಳೆದು ಲೆಕ್ಕ ಸರಿ ಮಾಡ್ಕೊಳತ್ತೆ. ಅದಕ್ಕೇ ಕ್ಲೈಂಟ್ ಶೀಟ್‌ನಲ್ಲಿ 'ಡ್ಯಾಂಪರ್ 5' ಅಂತ ಬರೀಬೇಡಿ, ಡ್ರ್ಯಾಗ್ ಫ್ಯಾಕ್ಟರ್ ಬರೀರಿ.

ಈಗ ಸ್ಪ್ಲಿಟ್. ಸ್ಕ್ರೀನ್ ಮಧ್ಯೆ ದೊಡ್ಡದಾಗಿ 2:30 ಅಂತ ಕಾಣೋದು ಇದೇ ವೇಗದಲ್ಲಿ ಹೋದ್ರೆ 500 ಮೀಟರ್‌ಗೆ ಎಷ್ಟು ಹೊತ್ತು ಬೇಕು ಅನ್ನೋ ಲೆಕ್ಕ. ಯೂನಿಟ್ಸ್ ಬಟನ್ ಒತ್ತಿದ್ರೆ ಅದೇ ಜಾಗಕ್ಕೆ ವಾಟ್ಸ್ ಬರತ್ತೆ, ಇನ್ನೊಂದ್ಸಲ ಒತ್ತಿದ್ರೆ ಕ್ಯಾಲರಿ. ಸ್ಪ್ಲಿಟ್‌ಗೂ ವಾಟ್ಸ್‌ಗೂ ಇರೋ ಸಂಬಂಧ ನಂಗೆ ತುಂಬ ದಿನ ಅರ್ಥ ಆಗಿರ್ಲಿಲ್ಲ. ಫಾರ್ಮುಲಾ ಏನಂದ್ರೆ, ಒಂದು ಮೀಟರ್‌ಗೆ ಎಷ್ಟು ಸೆಕೆಂಡ್ ಅಂತ ತಗೊಂಡು ಅದನ್ನ ಅದರಿಂದಲೇ ಎರಡು ಸಲ ಗುಣಿಸಿ (ಅಂದ್ರೆ ಘನ ಮಾಡಿ), ಆಮೇಲೆ 2.80ನ ಅದರಿಂದ ಭಾಗಿಸಿ. 2:00 ಸ್ಪ್ಲಿಟ್ ಅಂದ್ರೆ ಮೀಟರ್‌ಗೆ 0.24 ಸೆಕೆಂಡ್, ಉತ್ತರ ಸುಮಾರು 203 ವಾಟ್ಸ್. ಇದೇ ಥರ 2:30ಕ್ಕೆ 104, 2:15ಕ್ಕೆ 142, 1:45ಕ್ಕೆ 302. ಈಗ ನೋಡಿ ಮಜಾ, 2:30ರಿಂದ 2:15, ಆಮೇಲೆ 2:00, ಆಮೇಲೆ 1:45, ಪ್ರತಿ ಸಲ ಇಳಿಸಿದ್ದು ಅದೇ 15 ಸೆಕೆಂಡ್, ಆದ್ರೆ ಮೊದಲನೇ ಸಲ ಕೊಟ್ಟಿದ್ದು 38 ವಾಟ್ಸ್, ಎರಡನೇ ಸಲ ಸುಮಾರು 60, ಮೂರನೇ ಸಲ ನೂರು. ಹೊಸಬರು ಮೊದಲ ತಿಂಗಳಲ್ಲಿ ಸರಸರ ಇಳಿದು ಆಮೇಲೆ 'ಸಾರ್ ಇಂಪ್ರೂವ್‌ಮೆಂಟೇ ಇಲ್ಲ' ಅಂತ ಮುಖ ಸಪ್ಪೆ ಮಾಡ್ಕೊಂಡ್ರೆ ಈ ನಾಲ್ಕು ನಂಬರ್ ತೋರ್ಸಿ.

ಕ್ಯಾಲರಿ ಬಗ್ಗೆ ಸ್ವಲ್ಪದರಲ್ಲೇ ಹೇಳ್ತೀನಿ, ಅದನ್ನ ಜಾಸ್ತಿ ನಂಬ್ಬೇಡಿ. ವಾಟ್ಸ್‌ನ ಸುಮಾರು 3.44ರಿಂದ ಗುಣಿಸಿ ಅದಕ್ಕೆ 300 ಸೇರ್ಸಿ ಗಂಟೆಗೆ ಇಷ್ಟು ಕ್ಯಾಲರಿ ಅಂತ ತೋರ್ಸತ್ತೆ, ಇದರ ಹಿಂದೆ ಇರೋದು ಸುಮಾರು 79 ಕೆಜಿ ಇರೋ ಮನುಷ್ಯ. ನಿಮ್ಮ ಕ್ಲೈಂಟ್ 52 ಕೆಜಿ ಹುಡುಗಿ ಆದ್ರೂ ಅದೇ ನಂಬರ್.

ನಂಗೆ ಇದರಲ್ಲಿ ತುಂಬ ಇಷ್ಟ ಆಗೋದು ಫೋರ್ಸ್ ಕರ್ವ್. ಡಿಸ್‌ಪ್ಲೇ ಬಟನ್ ಒತ್ತುತ್ತಾ ಹೋಗಿ, ಒಂದು ಗೆರೆ ಬರೋ ಸ್ಕ್ರೀನ್ ಸಿಗತ್ತೆ, ಪ್ರತಿ ಎಳೆತಕ್ಕೂ ಹೊಸ ಗೆರೆ. ಸರಿಯಾಗಿ ಎಳೆದ್ರೆ ಹುಲ್ಲಿನ ಬಣವೆ ಥರ ಒಂದೇ ಗುಡ್ಡ, ನುಣ್ಣಗೆ ಏರಿ ನುಣ್ಣಗೆ ಇಳಿಯತ್ತೆ. ನಂದು ಮೊದಲು ಒಂಟೆ ಬೆನ್ನಿನ ಥರ ಎರಡು ಗುಡ್ಡ ಬರ್ತಿತ್ತು, ಮಧ್ಯ ಒಂದು ಗುಂಡಿ. ಕಾಲು ಒತ್ತಿ ಮುಗಿದು ಬೆನ್ನು ಶುರು ಆಗೋಕೆ ಮುಂಚೆ ಒಂಚೂರು ಗ್ಯಾಪ್ ಬಿಡ್ತಿದ್ದೆ, ಅದೇ ಆ ಗುಂಡಿ. ಕನ್ನಡಿ ಮುಂದೆ ಕೂತು ನೋಡಿದ್ರೂ ಗೊತ್ತಾಗದೇ ಇದ್ದಿದ್ದು ಇಲ್ಲಿ ಎರಡೇ ನಿಮಿಷಕ್ಕೆ ಸಿಕ್ತು.

ಇನ್ನು ನೋಡ್ಕೊಳ್ಳೋ ವಿಷಯ. ಇದಕ್ಕೆ ಪ್ಲಗ್ ಇಲ್ಲ, ಹಿಂದೆ ಎರಡು ಡಿ ಸೈಜ್ ಸೆಲ್, ಹಳೇ ಟಾರ್ಚ್‌ಗೆ ಹಾಕ್ತಿದ್ವಲ್ಲ ಆ ದಪ್ಪ ಸೆಲ್ಲು. ನೀವು ಎಳೀವಾಗ ಚಕ್ರದಿಂದಲೇ ಕರೆಂಟ್ ತಗೊಳ್ಳೋದ್ರಿಂದ ಸೆಲ್ ತುಂಬ ದಿನ ಬರತ್ತೆ. ಮೊನ್ನೆ ಮಳೆಗೆ ಕರೆಂಟ್ ಹೋಗಿ ಜನರೇಟರ್ ಆನ್ ಆಗೋವರೆಗೂ ಟ್ರೆಡ್‌ಮಿಲ್‌ನವರೆಲ್ಲ ಸುಮ್ನೆ ನಿಂತಿದ್ರು, ನಾನೊಬ್ಬ ಕತ್ತಲಲ್ಲಿ ಎಳೀತಾನೇ ಇದ್ದೆ. ಎರಡೂ ಸೆಲ್ ಒಟ್ಟಿಗೇ ಬದಲಾಯ್ಸಿ, ಒಂದು ಹೊಸದು ಒಂದು ಹಳೇದು ಹಾಕೋ ಜುಗ್ಗತನ ಬೇಡ. ತಿಂಗಳುಗಟ್ಲೆ ಯಾರೂ ಮಷೀನ್ ಮುಟ್ಟಲ್ಲ ಅಂದ್ರೆ ಸೆಲ್ ತೆಗೆದಿಡಿ, ಸೋರಿ ಹಸಿರು ಕಟ್ಟಿದ್ರೆ ಒಳಗಿನ ಸ್ಪ್ರಿಂಗ್ ಹಾಳು.

ಸ್ಕ್ರೀನ್ ಮೇಲೆ ನೇರ ಸ್ಪ್ರೇ ಮಾಡಂಗಿಲ್ಲ. ನಮ್ಮ ಜಿಮ್ ಕ್ಲೀನ್ ಮಾಡೋ ಅಕ್ಕ ಕನ್ನಡಿಗೆ ಹೊಡೆದಂಗೇ ಇದಕ್ಕೂ ಪುಸ್ ಪುಸ್ ಅಂತ ಹೊಡೀತಿದ್ರು. 'ಅಕ್ಕಾ, ಬಟ್ಟೆ ಒದ್ದೆ ಮಾಡಿ ಹಿಂಡಿ ಒರೆಸಿ ಸಾಕು, ಬಟನ್ ಸಂದೀಲಿ ನೀರು ಹೋಗತ್ತೆ' ಅಂದೆ, ಈಗ ಅವ್ರೇ ಬೇರೆಯವರಿಗೆ ಹೇಳ್ತಾರೆ. ಸೀಟ್ ಓಡೋ ಕಂಬಿನೂ ದಿನಾ ಒರೆಸ್ಬೇಕು, ಹ್ಯಾಂಡಲ್‌ನ ಚೈನ್‌ಗೆ 50 ಗಂಟೆ ಬಳಸಿದ್ಮೇಲೆ ಒಂದ್ಸಲ ಎಣ್ಣೆ.

ಪಕ್ಕದ ಸೈಟ್‌ನಲ್ಲಿ ಬಿಲ್ಡಿಂಗ್ ಏಳ್ತಿದ್ರೆ ಚಕ್ರದ ಜಾಲರಿ ಕಡೆ ಒಂದು ಕಣ್ಣಿಡಿ. ನಮ್ಮಲ್ಲಿ ಡ್ಯಾಂಪರ್ 5ಕ್ಕೆ 118 ಬರ್ತಿದ್ದಿದ್ದು ನಾಲ್ಕೇ ತಿಂಗಳಲ್ಲಿ 97ಕ್ಕೆ ಬಿತ್ತು. ಟಾರ್ಚ್ ಬಿಟ್ಟು ನೋಡಿದ್ರೆ ಜಾಲರಿ ಕಣ್ಣಿಗೆಲ್ಲ ಹತ್ತಿ ಥರ ಧೂಳು, ಗಾಳಿ ಹೋಗೋಕೆ ದಾರೀನೇ ಇಲ್ಲ. ಕವರ್ ಬಿಚ್ಚಿ ವ್ಯಾಕ್ಯೂಮ್ ಹಿಡಿದ್ಮೇಲೆ ಮತ್ತೆ 116. ಡ್ರ್ಯಾಗ್ ನಂಬರ್‌ನ ತಿಂಗಳಿಗೊಂದ್ಸಲ ಬರೆದಿಟ್ಕೊಂಡಿದ್ದಕ್ಕೆ ಗೊತ್ತಾಯ್ತು, ಕೈಗೆ ಏನೂ ಗೊತ್ತಾಗಿರ್ಲಿಲ್ಲ.

ಎಳೆದ್ರೂ ಮೀಟರ್ ಏರ್ತಿಲ್ಲ ಅಂದ್ರೆ ಗಾಬರಿ ಬೇಡ, ಮಾನಿಟರ್ ಹಿಂದಿನ ಕೇಬಲ್ ಸಡಿಲ ಆಗಿದ್ಯಾ ನೋಡಿ, ಕಿತ್ತು ಟಕ್ ಅನ್ನೋವರೆಗೂ ಮತ್ತೆ ಚುಚ್ಚಿ. ಸ್ಕ್ರೀನ್ ಅಲ್ಲಾಡ್ದೆ ನಿಂತ್ಬಿಟ್ರೆ ಸೆಲ್ ತೆಗೆದು ಸ್ವಲ್ಪ ಹೊತ್ತು ಬಿಟ್ಟು ಹಾಕಿ. ಸಾಫ್ಟ್‌ವೇರ್ ಅಪ್‌ಡೇಟ್‌ನ ಪೆನ್‌ಡ್ರೈವ್‌ನಿಂದ ಇಲ್ಲಾ ಫೋನ್‌ನಲ್ಲಿ ಎರ್ಗ್‌ಡೇಟಾ ಆ್ಯಪ್‌ನಿಂದ ಮಾಡ್ಬೋದು, ಮುಗಿಯೋ ತನಕ ಏನೂ ಕೀಳ್ಬೇಡಿ.

ಸೆಲ್ ತೆಗೆದು ಹಾಕಿದ್ಮೇಲೆ ತಾರೀಕು, ಟೈಮ್ ಸರಿ ಇದ್ಯಾ ಅಂತ ಚೆಕ್ ಮಾಡಿ. ನಾನು ಮಾಡ್ಲಿಲ್ಲ, ಹಾಗಾಗಿ ನನ್ನ ಮೂರು ವಾರದ ರೋಯಿಂಗ್ ಎಲ್ಲ ಮೆಮೊರಿಯಲ್ಲಿ ಯಾವುದೋ ಹಳೇ ವರ್ಷದ ಜನವರಿಯಲ್ಲಿ ಹೋಗಿ ಕೂತಿದೆ.