ಕಾಟಾದ ಕೇಬಲ್ಲು, ಮೆಲ್ಬರ್ನ್‌ನ ಡಾಕ್ಟರು

ಹೋದ ಸುಗ್ಗಿಯಲ್ಲಿ ಸಿಂಧನೂರಿನ ರೈಸ್‌ಮಿಲ್ ಒಂದರಿಂದ ಫೋನ್ ಬಂತು. ಕಾಟಾದ ಮೇಲೆ ನೆಲ್ಲಿನ ಲಾರಿ ನಿಂತಿದೆ, ಮೀಟರಿನಲ್ಲಿ ತೂಕ ಕಾಣುತ್ತಿದೆ, ಕಂಪ್ಯೂಟರಿಗೆ ಮಾತ್ರ ಬರುತ್ತಿಲ್ಲ. ಹೋಗಿ ನೋಡಿದೆ. ಕಂಪ್ಯೂಟರ್ ಹೊಸದು, ಕೇಬಲ್ ಹಳೇದು. ಕೇಬಲ್ಲಿನೊಳಗಿನ ಚಿಪ್ಪನ್ನು ಹೊಸ ಡ್ರೈವರ್, ಅಂದರೆ ಕೇಬಲ್ಲಿನ ಜೊತೆ ಮಾತಾಡುವ ಸಾಫ್ಟ್‌ವೇರ್, ಒಪ್ಪುತ್ತಿರಲಿಲ್ಲ. ಅದೇ ಕೇಬಲನ್ನು ಲಿನಕ್ಸ್ (ವಿಂಡೋಸಿನ ಹಾಗೆ ಕಂಪ್ಯೂಟರ್ ನಡೆಸುವ, ಪುಕ್ಕಟೆ ಸಿಗುವ ಸಾಫ್ಟ್‌ವೇರ್) ಇದ್ದ ನನ್ನ ಲ್ಯಾಪ್‌ಟಾಪಿಗೆ ಹಾಕಿದೆ. ತೂಕ ಬಂತು.

"ಇದಕ್ಕೆ ಎಷ್ಟು ಕೊಡ್ಬೇಕ್ರಿ?" ಅಂದರು ಸಾಹುಕಾರ್ರು. ಸಾಫ್ಟ್‌ವೇರಿಗೆ ಏನೂ ಇಲ್ರಿ ಅಂದೆ. "ಹಂಗಾದ್ರ ಇದನ್ನ ಮಾಡಿದೋರ ಹೊಟ್ಟಿಪಾಡು ಹೆಂಗ?"

ಒಳ್ಳೆಯ ಪ್ರಶ್ನೆ. 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ 21 ವರ್ಷದ ವಿದ್ಯಾರ್ಥಿ. ಇದು ಬರೀ ಹವ್ಯಾಸ, ದೊಡ್ಡದೇನೂ ಆಗೋದಿಲ್ಲ ಅಂತಲೇ ತಾನು ಬರೆದ ಲಿನಕ್ಸನ್ನು ಜನರ ಮುಂದಿಟ್ಟರು. ಇವತ್ತು ಸಾಹುಕಾರ್ರ ಜೇಬಿನ ಆಂಡ್ರಾಯ್ಡ್ ಫೋನಿನ ಒಳಗಿರೋದೂ ಅದೇ. ಈಗ ಲಿನಕ್ಸಿನ ಬಹುಪಾಲು ಕೆಲಸವನ್ನು ಕಂಪನಿಗಳ ಸಂಬಳದ ಇಂಜಿನಿಯರುಗಳೇ ಮಾಡುತ್ತಾರೆ. ಆದರೆ ಸಂಬಳ ಕೊಡುವವರು ತಮಗೆ ಬೇಕಾದ ಕೆಲಸವನ್ನೇ ಮಾಡಿಸುತ್ತಾರೆ, ಅಲ್ವಾ? ಹವ್ಯಾಸಿ ಹಾಗಲ್ಲ. ತನಗೆ ಚುಚ್ಚಿದ ಮುಳ್ಳನ್ನೇ ಮೊದಲು ಕೀಳುತ್ತಾನೆ.

ನನಗೆ ಜಾಸ್ತಿ ನೆನಪಾಗುವವರು ಕಾನ್ ಕೊಲಿವಾಸ್. ಮೆಲ್ಬರ್ನ್‌ನ ಅರಿವಳಿಕೆ ಡಾಕ್ಟರು. ಲಿನಕ್ಸ್ ಆಗ ದೊಡ್ಡ ಸರ್ವರುಗಳಿಗೆ ಚೆನ್ನಾಗಿತ್ತು. ಮನೆಯ ಕಂಪ್ಯೂಟರಿನಲ್ಲಿ ಮಾತ್ರ ಭಾರಿ ಕೆಲಸ ಓಡುವಾಗ ಹಾಡು ತಡವರಿಸುತ್ತಿತ್ತು, ಮೌಸ್ ಎಳೆದಂತಾಗುತ್ತಿತ್ತು. ಯಾವ ಕೆಲಸಕ್ಕೆ ಪ್ರೊಸೆಸರ್ ಯಾವಾಗ ಸಿಗಬೇಕು ಅಂತ ಹೇಳುವುದು ಶೆಡ್ಯೂಲರ್. ನಮ್ಮ ತುಂಗಭದ್ರಾ ಎಡದಂಡೆ ಕಾಲುವೆಯನ್ನೇ ನೋಡಿ. ಮೇಲ್ಭಾಗದವರು ನೀರು ಎಳೆದುಕೊಂಡರೆ ಮಾನ್ವಿ ಕಡೆಯ ಕೆಳಭಾಗಕ್ಕೆ ಬರೋದೇ ಇಲ್ಲ. ಸರದಿ ಹಾಕಿದರೆ ಮಾತ್ರ ಎಲ್ಲರ ಗದ್ದೆಗೂ ನೀರು. ಇಲ್ಲಿ ಕೆಳಭಾಗದ ರೈತ ಅಂದರೆ ಆ ಹಾಡು, ಆ ಮೌಸ್. ಎಲ್ಲರಿಗೂ ನ್ಯಾಯವಾಗಿ ಸರದಿ ಕೊಡುವ ಶೆಡ್ಯೂಲರನ್ನು ಡಾಕ್ಟರು ಬಿಡುವಿನಲ್ಲಿ ಬರೆದು ತೋರಿಸಿದರು.

2007ರಲ್ಲಿ ಲಿನಕ್ಸಿಗೆ ಸೇರಿದ್ದು ಅವರ ಕೋಡ್ ಅಲ್ಲ. ರೆಡ್ ಹ್ಯಾಟ್ ಕಂಪನಿಯ ಇಂಗೊ ಮೊಲ್ನಾರ್ ಬರೆದ ಹೊಸ ಶೆಡ್ಯೂಲರ್. ನ್ಯಾಯದ ಹಂಚಿಕೆ ಸಾಧ್ಯ ಅಂತ ತೋರಿಸಿದ್ದು ಕೊಲಿವಾಸ್ ಅಂತ ಮೊಲ್ನಾರ್ ಹೇಳಿದರು. ಡಾಕ್ಟರು ಬೇಸರದಿಂದ ಆ ಕೆಲಸ ಬಿಟ್ಟರು, 2009ರಲ್ಲಿ ಮತ್ತೊಂದು ಶೆಡ್ಯೂಲರ್ ಹಿಡಿದು ಬಂದರು. ಮೊಲ್ನಾರ್ ಬರೆದದ್ದು 2023ರವರೆಗೂ ಲಿನಕ್ಸಿನ ಮುಖ್ಯ ಶೆಡ್ಯೂಲರ್ ಆಗಿತ್ತು. ಅಷ್ಟು ವರ್ಷ ಬ್ಯಾಂಕಿನ ಸರ್ವರಿನಲ್ಲೂ ಫೋನಿನಲ್ಲೂ ಓಡಿದ್ದು ಆ ವಿಚಾರವೇ. ಡಾಕ್ಟರ ಹೆಸರು ಎಷ್ಟು ಜನಕ್ಕೆ ಗೊತ್ತು? ಇದು ನನಗೆ ನಿಜವಾಗಿ ಸಂಕಟದ ವಿಷಯ.

ಬರೀ ವಿಚಾರವಲ್ಲ, ಕೋಡೇ ನೇರವಾಗಿ ದೊಡ್ಡ ಕಂಪನಿಯ ಒಳಗೆ ಹೋದದ್ದೂ ಉಂಟು. ರಾಯಚೂರಿನಲ್ಲಿ ಕೂತು ಬೇರೆ ಊರಿನ ಸರ್ವರ್ ತೆರೆಯಲು ನಾನು ದಿನಾ ಬಳಸುವ ಓಪನ್‌ಎಸ್‌ಎಸ್‌ಎಚ್ ಅನ್ನು 1999ರಲ್ಲಿ ಮಾಡಿದ್ದು ಲಿನಕ್ಸಿನ ಹಾಗೆಯೇ ಪುಕ್ಕಟೆ ಸಿಗುವ ಓಪನ್‌ಬಿಎಸ್‌ಡಿಯ ಪುಟ್ಟ ತಂಡ. 2018ರಿಂದ ವಿಂಡೋಸಿನಲ್ಲೂ ಅದಿದೆ.

ಕಳೆದ ತಿಂಗಳು ಇನ್ನೊಂದು ಮಿಲ್ಲಿನ ಕೇಬಲ್ ಬಂತು. ಅದರ ಚಿಪ್ಪನ್ನು ಲಿನಕ್ಸೂ ಗುರುತಿಸಲಿಲ್ಲ. ನನ್ನ ಜೊತೆ ಕೆಲಸ ಮಾಡುವ ಡಿಪ್ಲೊಮಾ ಹುಡುಗ ಚಿಪ್ಪಿನ ಗುರುತಿನ ಸಂಖ್ಯೆ ಹುಡುಕಿದ, ಡ್ರೈವರಿಗೆ ಒಂದೇ ಒಂದು ಸಾಲು ಸೇರಿಸಿದ. ತೂಕ ಬಂತು. ಆ ಸಾಲನ್ನು ಅವನ ಹೆಸರಿನಲ್ಲೇ ಲಿನಕ್ಸ್ ನೋಡಿಕೊಳ್ಳುವವರಿಗೆ ಕಳಿಸಿದ್ದೇವೆ. ಉತ್ತರ ಬಂತಾ ಅಂತ ಅವನು ದಿನಕ್ಕೆ ನಾಲ್ಕು ಸಲ ನೋಡುತ್ತಾನೆ. ನಾನೂ ನೋಡುತ್ತೇನೆ.